ಅಕ್ಕನ ಹೆಜ್ಜೆಯ ಮೇಲೆ ಕೋಳಿಬುಟ್ಟಿ

ಇವತ್ತು ಬೆಳಿಗ್ಗೆ ನಿಮ್ಮ ಮನೆಯ ಅಂಗಳ ಗುಡಿಸಿದ್ದು ಯಾರು, ಖಂಡಿತವಾಗಿ ಹೇಳುತ್ತೀರಾ? ಹೆಂಡತಿ ಎನ್ನುತ್ತೀರಿ, ಇಲ್ಲವೇ ಕೆಲಸದವಳು ಎನ್ನುತ್ತೀರಿ. ನೀವು ಎದ್ದು ಬರುವಾಗ ಅಂಗಳ ಚೊಕ್ಕವಾಗಿತ್ತು, ನಿಮಗೆ ಗೊತ್ತಿರುವುದು ಅಷ್ಟೇ. ಗುಡಿಸುವುದನ್ನು ಕಣ್ಣಾರೆ ನೋಡಿದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡುವ.

ನಗಬೇಡಿ. ನಾನೂ ಹೀಗೆಯೇ ನಗುತ್ತಿದ್ದವಳು. ದೈವಕ್ಕೆ ಕೈ ಮುಗಿಯುತ್ತೇನೆ, ಅದು ಬೇರೆ, ಮನೆಯ ಹಿರಿಯರಿಗೆ ಮುಗಿದ ಹಾಗೆ. ಆದರೆ ಬಾವಿಕಟ್ಟೆಯಲ್ಲಿ ಯಾರೋ ನಿಂತಿದ್ದರು, ಮಟಮಟ ಮಧ್ಯಾಹ್ನ ಗದ್ದೆಯಲ್ಲಿ ಯಾರೋ ಕರೆದರು ಎಂದು ಯಾರಾದರೂ ಶುರು ಮಾಡಿದರೆ ಮೊದಲು ನಗುವುದು ನಾನೇ. ನಗದೆ ಏನು ಮಾಡಲಿ? ಚಿಕ್ಕಂದಿನಲ್ಲಿ ನಮ್ಮ ಊರಿನ ಅರ್ಧ ಭೂತಗಳು ನಾನೇ ಆಗಿದ್ದೆ. ಅಜ್ಜನ ಬಿಳಿ ಪಂಚೆ ಸುತ್ತಿಕೊಂಡು ಗೇರುಮರದ ಹಿಂದೆ ನಿಂತು ಎಷ್ಟು ಜನರನ್ನು ಓಡಿಸಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಅದರ ಫಲ ಈಗ ಉಣ್ಣುತ್ತಿದ್ದೇನೆ. ನಿಜವಾಗಿ ನಡೆದದ್ದನ್ನು ಹೇಳಿದರೂ, ಇವಳದ್ದು ಇನ್ನೊಂದು ಎನ್ನುತ್ತಾರೆ.

ಮೊಮ್ಮಗಳು ಒಂದು ಉಪಾಯ ಹೇಳಿದಳು. ಬಾಯಲ್ಲಿ ಹೇಳಿದರೆ ನಿಮ್ಮ ಮುಖದಲ್ಲೇ ನಗು ಕಾಣುತ್ತದೆ ಅಜ್ಜಿ, ಬರೆದರೆ ಜನ ನಂಬಿಯಾರು ಎಂದಳು. ಫೋನಿನಲ್ಲಿ ಕನ್ನಡ ಒತ್ತಲು ಅವಳೇ ಕಲಿಸಿದ್ದು. ಕಾರ್ಕಳದಲ್ಲಿ ಮಗಳ ಮನೆಯ ಕಿಟಕಿ ಬದಿಯಲ್ಲಿ ಕೂತು ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದೇನೆ. ನಾನು ಅಕ್ಕ ಎಂದು ಒತ್ತಿದರೆ ಈ ಫೋನು ಅಕ್ಕಿ ಎಂದು ತಿದ್ದುತ್ತದೆ. ಇರಲಿ, ಅದಕ್ಕೆ ನನ್ನ ಅಕ್ಕನನ್ನು ನೋಡಿ ಗೊತ್ತಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವಳು, ಆದರೆ ನನಗೆ ತಾಯಿ. ಅಮ್ಮ ಹೋದಾಗ ನಾನು ಮಾತು ಬಾರದ ಕೂಸು. ಅಕ್ಕ ಆಗಷ್ಟೇ ಸೀರೆ ಉಡಲು ಕಲಿತ ಹುಡುಗಿ. ಹಗಲಿಡೀ ಬೀಡಿ ಕಟ್ಟಿ ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬರುತ್ತಿದ್ದಳು. ಅವಳು ಹೊರಟಳೆಂದರೆ ನನ್ನ ಜೀವ ಹೋಗುತ್ತಿತ್ತು. ಅಮ್ಮನೂ ಹೀಗೆಯೇ ಹೊರಗೆ ಹೋಗಿ ಬರಲಿಲ್ಲ ಅಲ್ವಾ, ನನ್ನ ಮಟ್ಟಿಗೆ. ಓಡಿ ಬಂದು ಅಕ್ಕನ ಬಲಪಾದದ ಮೇಲೆ ಕೂತು ಅವಳ ಕಾಲನ್ನು ಎರಡು ಕೈಯಲ್ಲಿ ಅಪ್ಪಿಕೊಳ್ಳುತ್ತಿದ್ದೆ. ಅವಳು ಬೈಯುತ್ತಿರಲಿಲ್ಲ. ನನ್ನನ್ನು ಕಾಲ ಮೇಲೆ ಕೂರಿಸಿಕೊಂಡೇ ಕುಂಟುತ್ತಾ ಅಂಗಳಕ್ಕೆ ಒಂದು ಸುತ್ತು ಹಾಕಿ, ನನಗೆ ನಗು ಬಂದು ಕೈ ಸಡಿಲವಾದ ಹೊತ್ತಿಗೆ ಕಾಲು ಎಳೆದುಕೊಂಡು ಓಡುತ್ತಿದ್ದಳು. ಅವಳ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಮಾತು ಬಿಟ್ಟ ಹಾಗೆ ದೂರ ತಿರುಗಿ ನಿಂತಿತ್ತು. ನೀನು ಕೂತು ಕೂತೇ ಹೀಗಾದದ್ದು ಎಂದು ದೊಡ್ಡವಳಾದ ಮೇಲೂ ನನ್ನನ್ನು ದೂರುತ್ತಿದ್ದಳು.

ಅಕ್ಕ ಮದುವೆಯಾಗಲಿಲ್ಲ. ನಾನು ಮದುವೆಯಾದ ಮೇಲೂ ಅವಳನ್ನು ಬಿಟ್ಟು ಹೋಗಲಿಲ್ಲ. ನನ್ನ ಗಂಡ ಮುಂಬೈಯ ಹೋಟೆಲಿನಲ್ಲಿದ್ದವರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಮಗಳು ರೇಖಾ ನಿಟ್ಟೆಯಲ್ಲಿ ಓದುತ್ತಾ ಹಾಸ್ಟೆಲಿನಲ್ಲಿದ್ದಳು. ಕಾಪುವಿನ ಮನೆಯಲ್ಲಿ ಅಕ್ಕ, ನಾನು, ಎರಡು ದನ, ಒಂದಷ್ಟು ಕೋಳಿ. ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಮನೆಗೆ ಫೋನು ಬಂದಿತ್ತು, ಮೊಬೈಲು ಇನ್ನೂ ಶ್ರೀಮಂತರ ಸೊಂಟದಲ್ಲಿ ಮಾತ್ರ ಇತ್ತು.

ಮಳೆ ಪೂರ್ತಿ ಬಿಟ್ಟು ದೀಪಾವಳಿ ಕಳೆದ ಮೇಲೆ ಅಂಗಳ ಕೆತ್ತಿ, ಮಟ್ಟ ಮಾಡಿ, ತಟ್ಟಿ, ಸೆಗಣಿ ಬಳಿಯುವುದು ನಮ್ಮಲ್ಲಿ ಕ್ರಮ. ಆ ವರ್ಷ ಜನ ಕರೆಸುವ ಎಂದು ನಾನು ಹಿಂದೆ ಬಿದ್ದಿದ್ದೆ. ಅಕ್ಕನಿಗೆ ಏದುಸಿರು ಶುರುವಾಗಿತ್ತು. ನೋಡುವ, ನೋಡುವ ಎನ್ನುತ್ತಲೇ ಒಂದು ದಿನ ಬೆಳಕು ಹರಿಯುವ ಮೊದಲೇ ಎದ್ದು ಎದುರಿನ ಅಂಗಳ ಇಡೀ ಅವಳೊಬ್ಬಳೇ ಬಳಿದು ಮುಗಿಸಿದಳು. ಹಿಂದಿನದ್ದು ಬಾಕಿ ಇತ್ತು. ನಾನು ಚಹಾ ಹಿಡಿದುಕೊಂಡು ಬರುವಾಗ ಅವಳು ಜಗಲಿಯಲ್ಲಿ ಕೂತಿದ್ದಳು. ಕೈಯಲ್ಲಿ ಸೆಗಣಿ ಹಾಗೇ ಇತ್ತು, ತುಟಿ ನೀಲಿಯಾಗಿತ್ತು.

ನಾನು ಫೋನು ಮಾಡಿ ಕರೆಸಿದ ಬಾಡಿಗೆ ಕಾರು ಬಂದು ರಸ್ತೆ ಬದಿಯಲ್ಲಿ ನಿಂತಿತು. ಡ್ರೈವರು ಎತ್ತಿಕೊಳ್ಳುತ್ತೇನೆ ಎಂದ. ಅಕ್ಕ ಕೇಳಲಿಲ್ಲ, ನಡೆದೇ ಹೊರಟಳು, ಅದೂ ಹಸಿ ಅಂಗಳದ ನಟ್ಟನಡುವೆ. ಬದಿಯಿಂದ ಹೋಗು ಅಕ್ಕ, ಇನ್ನೂ ಒಣಗಲಿಲ್ಲ ಎಂದೆ. ನಾವು ಮನೆಯಲ್ಲಿ ಮಾತಾಡುವುದು ತುಳುವಿನಲ್ಲಿ, ಕನ್ನಡದಲ್ಲಿ ಹೇಳುವುದಾದರೆ ಅವಳು ಹೇಳಿದ್ದು ಹೀಗೆ: “ಬಳಿದದ್ದು ನಾನು, ತುಳಿಯುವುದು ನಾನು. ನಿನಗೆಂತ ಉಂಟು ನಡುವಲ್ಲಿ?”

ಅವಳು ದಾಟಿದ ಮೇಲೆ ಅಂಗಳದಲ್ಲಿ ಹೆಜ್ಜೆಗಳು ಅಚ್ಚೊತ್ತಿದ ಹಾಗೆ ಉಳಿದವು. ಬಲಗಾಲಿನ ಹೆಜ್ಜೆಯಲ್ಲಿ ಆ ಹೆಬ್ಬೆರಳು ಬೇರೆಯೇ ಕಾಣುತ್ತಿತ್ತು. ಪಕ್ಕದ ಮನೆಯ ಗುಲಾಬಿಯನ್ನು ಕರೆದು, ಕೋಳಿಗೆ ಅಕ್ಕಿ ಹಾಕು, ದನಕ್ಕೆ ನೀರು ಕೊಡು, ಅಂಗಳಕ್ಕೆ ಮಾತ್ರ ಹಿಡಿಸೂಡಿ ಮುಟ್ಟಿಸಬೇಡ ಎಂದು ಹೇಳಿ ಹೊರಟೆ. ಹೋದವರ ಬೆನ್ನಿಗೆ ಗುಡಿಸಬಾರದು. ಅದರಲ್ಲೂ ಕಾಯಿಲೆಯವರು ಆಸ್ಪತ್ರೆಗೆ ಹೋದರೆ ಅವರು ತಿರುಗಿ ಬರುವವರೆಗೆ ಅವರ ಹೆಜ್ಜೆ ಅಳಿಸಬಾರದು, ಬೆನ್ನಿಗೆ ಗುಡಿಸುವುದು ಹೆಣ ಎತ್ತಿದ ಮೇಲೆ. ಇದು ಅಕ್ಕನೇ ಕಲಿಸಿದ ಪಾಠ. ಭೂತವನ್ನು ನಂಬದವಳು ಇದನ್ನು ನಂಬಿದೆಯಾ ಎಂದು ಕೇಳಬೇಡಿ. ನಂಬಿದ್ದೆ.

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರರು ಹೃದಯ ತುಂಬ ಸೋತಿದೆ, ಏನೂ ಹೇಳಲಿಕ್ಕಾಗುವುದಿಲ್ಲ ಎಂದರು. ರೇಖಾ ನಿಟ್ಟೆಯಿಂದ ಬಂದಳು. ರಾತ್ರಿ ಹೇಗೋ ಕಳೆಯಿತು. ಬೆಳಿಗ್ಗೆ ಅಕ್ಕ ಕಣ್ಣು ಬಿಟ್ಟು ತನ್ನ ಎಲೆಅಡಿಕೆಯ ಚೀಲ ಬೇಕು ಎಂದಳು. ತಿನ್ನಲಿಕ್ಕೆ ಬಿಡುವುದಿಲ್ಲ ಎಂದರೆ, ತಿನ್ನುವುದಿಲ್ಲ, ತಲೆಯ ಹತ್ತಿರ ಇದ್ದರೆ ಸಾಕು ಎಂದಳು. ರೇಖಾಳನ್ನು ಅಲ್ಲಿ ಕೂರಿಸಿ ನಾನು ಉಡುಪಿಗೆ ಬಂದು ಬಸ್ಸು ಬದಲಿಸಿ ಕಾಪುವಿನಲ್ಲಿ ಇಳಿಯುವಾಗ ಸೂರ್ಯ ನೆತ್ತಿಯ ಮೇಲಿದ್ದ.

ಗೇಟು ತೆರೆದಿತ್ತು. ಒಳಗೆ ಒಂದು ಟೆಂಪೋ ನಿಂತಿತ್ತು. ನಮ್ಮ ಊರಿನ ಟೆಂಪೋಗಳಿಗೆ ದೇವರದ್ದೋ ಮಕ್ಕಳದ್ದೋ ಹೆಸರು ಇಲ್ಲದೆ ಇರುವುದಿಲ್ಲ, ಇದಕ್ಕೆ ಎದುರಿನಲ್ಲೂ ಹೆಸರಿಲ್ಲ, ಹಿಂದೆಯೂ ಇಲ್ಲ. ಅಂಗಳದಲ್ಲಿ ಗಂಡಸರು ಹೆಂಗಸರು ಸೇರಿ ಒಂದು ಗುಂಪು. ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ಹಾಕಿಕೊಂಡಿದ್ದರು. ಮಣಿಪಾಲದಲ್ಲಿ ಕಟ್ಟಡ ಏಳುವಲ್ಲೆಲ್ಲ ಕಾಣುವ ಘಟ್ಟದ ಮೇಲಿನ ಜನರ ಹಾಗೆಯೇ ಇದ್ದರು. ಅಕ್ಕ ನನಗೆ ಹೇಳದೆ ಹಿಂದಿನ ಅಂಗಳಕ್ಕೆ ಜನ ಹೇಳಿದ್ದಾಳೆ ಎಂದುಕೊಂಡೆ. ನೋಡಿದರೆ ಎದುರಿನ ಅಂಗಳ ಇಡೀ ನೇಗಿಲು ಹಾಕಿದ ಹಾಗೆ ಸೀಳಿ ಹೋಗಿದೆ. ನನಗೆ ಸಿಟ್ಟು ನೆತ್ತಿಗೇರಿತು. ಕಣ್ಣು ಕಾಣುವುದಿಲ್ಲವಾ, ಬಾಕಿ ಇದ್ದದ್ದು ಹಿಂದಿನದ್ದು, ಬಳಿದ ಅಂಗಳ ಅಗೆಯಲು ಯಾರು ಹೇಳಿದ್ದು ಎಂದು ಬಾಯಿಗೆ ಬಂದ ಹಾಗೆ ಬೈದೆ.

ಅವರ ಮುಖ್ಯಸ್ಥೆಯ ಹಾಗಿದ್ದ ಹೆಂಗಸೊಬ್ಬಳು, ಉಳಿದವರು ಅವಳನ್ನು ಯಲ್ಲಕ್ಕ ಎಂದು ಕರೆಯುತ್ತಿದ್ದರು, ನನ್ನನ್ನು ನೋಡಿದಳು. ಬೈಸಿಕೊಂಡವಳ ನೋಟ ಅಲ್ಲ. ಸಾವಿನ ಮನೆಗೆ ಬಂದವರು ಮನೆಯವರನ್ನು ನೋಡುತ್ತಾರಲ್ಲ, ಹಾಗೆ. ನನ್ನ ಬಾಯಿ ತನ್ನಿಂತಾನೇ ಮುಚ್ಚಿತು. ಬಿಸಿಲಲ್ಲಿ ಬಂದವರಿಗೆ ನೀರು ಕೊಡುವ ಎಂದು ಬಾವಿಯ ಹತ್ತಿರ ಹೋದೆ. ಅಲ್ಲಿ ಒಬ್ಬ ಮುದುಕ ಕೊಡಪಾನದ ಮೇಲೆ ಕೊಡಪಾನ ಎಳೆದು ತೆಂಗಿನ ಬುಡಕ್ಕೆ ಸುರಿಯುತ್ತಿದ್ದ. ಬಾವಿಯಿಂದ ಹಬೆ ಏಳುತ್ತಿತ್ತು, ಬಾಣಂತಿಗೆ ನೀರು ಕಾಯಿಸಿದ ಹಂಡೆಯಿಂದ ಏಳುವ ಹಾಗೆ.

ಆಗ ತಲೆ ಎತ್ತಿ ನೋಡಿದೆ. ಬಾವಿಯ ಪಕ್ಕದ ತೆಂಗಿನಮರ ತುದಿಯಿಂದ ನಡುವಿನವರೆಗೆ ಸೀಳಿ ಎರಡಾಗಿತ್ತು. ಅಂಗಳದ ಸುತ್ತಲಿನ ಕೆಂಪುಕಲ್ಲಿನ ಪಾಗಾರದಲ್ಲಿ ಒಂದು ಕಡೆ ದೊಡ್ಡ ಕಂಡಿ, ಕಲ್ಲು ಒಡೆದ ಹಾಗಿಲ್ಲ, ಹಲ್ವ ಕತ್ತರಿಸಿದ ಹಾಗೆ ನುಣ್ಣಗಿತ್ತು. ತುಳಸಿಕಟ್ಟೆ ಬಿರುಕು ಬಿಟ್ಟಿತ್ತು. ಕೆಂಪು ದಾಸವಾಳದ ಗಿಡದಲ್ಲಿ ಹೂವೆಲ್ಲ ಬಿಳಿಚಿಕೊಂಡಿದ್ದವು. ರಕ್ತ ಎಲ್ಲೂ ಇರಲಿಲ್ಲ. ಕಾದ ಕಬ್ಬಿಣದ ವಾಸನೆ ಮಾತ್ರ ಇತ್ತು. ಇಷ್ಟಾಗಿಯೂ ಜಗಲಿಯ ಮೇಲೆ ನಾನು ಬಿಟ್ಟು ಹೋದ ಅಕ್ಕನ ಚಹಾದ ಲೋಟ ಅಲುಗದೆ ಹಾಗೇ ಇತ್ತು.

ನಾನು ಕಿರುಚಲಿಲ್ಲ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು, ಒಳಗೆ ಹೋಗಿ ಅಡುಗೆಮನೆಯ ಮಣ್ಣಿನ ಮಡಕೆಯಿಂದ ತಣ್ಣೀರು, ಒಂದು ತಟ್ಟೆಯಲ್ಲಿ ಬೆಲ್ಲ ತಂದು ಜಗಲಿಯಲ್ಲಿಟ್ಟೆ. ಮನೆಗೆ ಬಂದವರಿಗೆ ನೀರುಬೆಲ್ಲ ಕೊಡುವುದು ನಮ್ಮ ಕಡೆಯ ಅಭ್ಯಾಸ, ಬಂದವರು ಯಾರು ಎಂದು ಕೇಳುವುದು ಆಮೇಲೆ. ಅವರು ಮುಖ ಮುಖ ನೋಡಿಕೊಂಡರು. ಯಲ್ಲಕ್ಕ ಒಂದು ಚೂರು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದಳು. ಅವಳು ಕುಡಿದ ಮೇಲೆ ಎಲ್ಲರೂ ಕುಡಿದರು.

ಆಮೇಲೆ ಅವರ ಕೆಲಸ ಮುಂದುವರಿಯಿತು. ನಾನು ಜಗಲಿಯಲ್ಲಿ ಕೂತು ನೋಡಿದೆ. ಇಬ್ಬರು ತೆಂಗಿನಮರದ ಎರಡು ಹೋಳನ್ನು ಸೇರಿಸಿ, ತುದಿಯಿಂದ ಕೆಳಗಿನವರೆಗೆ ಹುರಿಹಗ್ಗ ಬಿಗಿದು ಸುತ್ತಿದರು. ಸ್ವಲ್ಪ ಹೊತ್ತು ಮರಕ್ಕೆ ಒರಗಿ ನಿಂತರು. ಹಗ್ಗ ಬಿಚ್ಚಿದಾಗ ಮರ ಒಂದೇ ಇತ್ತು, ಗಾಳಿಗೆ ಗರಿ ಅಲ್ಲಾಡಿತು. ಕಣ್ಣು ತಿಕ್ಕಿಕೊಂಡೆ ಎಂದು ಬರೆದರೆ ಕತೆಯಾಗುತ್ತದೆ. ತಿಕ್ಕಿಕೊಳ್ಳಲಿಲ್ಲ. ಒಬ್ಬ ಪಾಗಾರದ ಕಂಡಿಗೆ ಕೆಂಪುಮಣ್ಣು ತುಂಬಿ ಒದ್ದೆ ಬಟ್ಟೆಯಲ್ಲಿ ಒರೆಸಿದ, ಪಾಚಿಯ ಸಮೇತ ಹಳೆಯ ಪಾಗಾರವೇ ಬಂತು. ಒಬ್ಬ ಹುಡುಗಿ ದಾಸವಾಳದ ಒಂದೊಂದೇ ಹೂವನ್ನು ಅಂಗೈಯಲ್ಲಿ ಮುಚ್ಚಿ ಬಿಡುತ್ತಿದ್ದಳು, ಬಿಟ್ಟಾಗ ಅದು ಕೆಂಪಾಗಿರುತ್ತಿತ್ತು. ಹೆಂಗಸರು ಅಂಗಳದ ಸೀಳುಗಳಿಗೆ ಮಣ್ಣು ತುಂಬಿ, ತಟ್ಟಿ, ಬಳಿದು, ಗುಡಿಸುತ್ತಾ ಬಂದರು. ಗುಡಿಸುತ್ತಿದ್ದವರಲ್ಲಿ ಒಬ್ಬಳು ಅಳುತ್ತಿದ್ದಳು. ಸದ್ದಿಲ್ಲದೆ, ಕೆಲಸ ನಿಲ್ಲಿಸದೆ.

ಗುಡಿಸುತ್ತಾ ಅವಳು ಎಲ್ಲಿಗೆ ಬರುತ್ತಿದ್ದಾಳೆ ಎಂದು ನೋಡಿದಾಗ ನನಗೆ ಅಕ್ಕನ ಹೆಜ್ಜೆಗಳ ನೆನಪಾಯಿತು. ಅವು ಹಾಗೇ ಇದ್ದವು. ಆಗಲೇ ನಾನು ಇನ್ನೊಂದನ್ನು ನೋಡಿದ್ದು. ಇನ್ನೂ ಮುಚ್ಚದೆ ಉಳಿದಿದ್ದ ಸೀಳುಗಳೆಲ್ಲ ನಾಲ್ಕು ದಿಕ್ಕಿನಿಂದ ಆ ಹೆಜ್ಜೆಗಳ ಕಡೆಗೇ ಬಂದು, ಒಂದು ಗೇಣು ದೂರದಲ್ಲಿ ತಿರುಗಿ ಹೋಗಿದ್ದವು. ಯಾರೋ ಅವುಗಳ ಮೇಲೆ ಬೀಳಲು ಬಂದಿದ್ದಾರೆ, ಇನ್ಯಾರೋ ಅಡ್ಡ ನಿಂತಿದ್ದಾರೆ.

ಇಳಿದು ಓಡಿದೆ. ಹಿಡಿಸೂಡಿಗೆ ಅಡ್ಡ ಕೂತೆ. ಹೆಜ್ಜೆಗಳು ಸಾಲಾಗಿದ್ದವು, ನಾನು ಒಬ್ಬಳು, ಎಲ್ಲದಕ್ಕೂ ಅಡ್ಡ ಕೂರಲು ಆಗುವುದಿಲ್ಲವಲ್ಲ. ಅಷ್ಟರಲ್ಲಿ ಆಚೆಯವು ಅಳಿಸಿಹೋದವು. ಕೋಳಿ ಮುಚ್ಚುವ ಬುಟ್ಟಿ ಕೈಗೆ ಸಿಕ್ಕಿತು, ಗೇಟಿನ ಹತ್ತಿರದ ಕೊನೆಯ ಬಲಹೆಜ್ಜೆಯ ಮೇಲೆ ಕವುಚಿ ಹಾಕಿ ಅದರ ಮೇಲೆ ಕೈಯಿಟ್ಟು ಕೂತೆ.

ಯಲ್ಲಕ್ಕ ಬಂದು ಎದುರು ಕೂತಳು. “ಬಾಜೂಕ ಸರೀರಿ ಅವ್ವಾರ. ಒಂದ ಗುರ್ತೂ ಬಿಡಬ್ಯಾಡ್ರಿ ಅಂತ ಹೇಳ್ಯಾರ.”

ಯಾರು ಹೇಳಿದ್ದು ಎಂದು ಕೇಳಿದೆ. ಗಲ್ಲದಿಂದ ಒಂದು ಕಡೆ ತೋರಿಸಿದಳು. ಆ ಕಡೆ ಆಕಾಶವೂ ಇತ್ತು, ಸಮುದ್ರವೂ ಇತ್ತು, ನಮ್ಮ ದನದ ಹಟ್ಟಿಯೂ ಇತ್ತು.

“ಇದು ನಮ್ಮ ಅಕ್ಕನ ಕಾಲು,” ಎಂದೆ. “ನಿಮ್ಮ ಗಲಾಟೆದ್ದಲ್ಲ. ಇದನ್ನು ನೀವು ಮುಟ್ಟಲಿಕ್ಕಿಲ್ಲ.”

“ಗಲಾಟಿ ಆಗಿದ್ದ ಇದರ ಸಲುವಾಗಿರಿ,” ಎಂದಳು.

ಮಣಿಪಾಲದ ಹಾಸಿಗೆಯ ಮೇಲೆ ಅಕ್ಕ ನನ್ನ ಕಣ್ಣೆದುರು ಬಂದಳು. ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿದೆ, ಗೆದ್ದದ್ದು ಯಾರು ಎಂದು.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಗೆದ್ದವರು ಕಸ ಹೊಡ್ಯಾಕ ನಿಲ್ತಾರೇನ್ರಿ ಅವ್ವಾ?”

ನಾನು ಬುಟ್ಟಿ ಬಿಡಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ. ಹಿಂದಿನಿಂದ ಯಾರೋ ಹೊತ್ತಾಯಿತು ಎಂಬಂತೆ ಕರೆದರು. ಯಲ್ಲಕ್ಕ ಜಗಲಿಯ ಮೇಲಿನ ಖಾಲಿ ತಟ್ಟೆಯನ್ನು ನೋಡಿ ಎದ್ದು ನಿಂತಳು. ನಿಮ್ಮ ಮನೆಯ ನೀರುಬೆಲ್ಲ ತಿಂದೆವು, ನಿಮ್ಮ ಕೈ ತಪ್ಪಿಸಿ ನಾನು ಕಸ ಹೊಡೆಯುವುದಿಲ್ಲ ಎಂದು ಅವಳ ಭಾಷೆಯಲ್ಲಿ ಹೇಳಿದಳು. ಮತ್ತೆ, “ಆದ್ರ ಇದನ್ನ ಒಂದಿನ ನೀವ ಹೊಡೀಬೇಕಾಕ್ಕೈತಿ. ನಮ್ಮ ಕೈಲೆ ಆಗಿದ್ರ ಚಲೋ ಇತ್ತರಿ,” ಎಂದಳು. ಟೆಂಪೋ ಹೊರಟಿತು. ಗೇಟಿನಿಂದ ಹೊರಗೆ ಹೋಗುವಾಗ ಒಬ್ಬ ಇಳಿದು ಅದರ ಚಕ್ರದ ಗುರುತನ್ನೂ ಗುಡಿಸಿ ಹೋದ.

ಎಲೆಅಡಿಕೆಯ ಚೀಲ ಹಿಡಿದು ನಾನು ಮಣಿಪಾಲಕ್ಕೆ ಹೇಗೆ ಹೋದೆನೋ. ಹೋಗುವಾಗಲೇ ಅಳು ತಯಾರು ಮಾಡಿಕೊಂಡು ಹೋದೆ. ನೋಡಿದರೆ ಅಕ್ಕ ದಿಂಬಿಗೆ ಒರಗಿ ಕೂತಿದ್ದಾಳೆ, ರೇಖಾ ಗಂಜಿ ಕುಡಿಸುತ್ತಿದ್ದಾಳೆ. ಮಧ್ಯಾಹ್ನ ಎಂತದೋ ಆಯಿತು ಅಮ್ಮ, ಡಾಕ್ಟರೆಲ್ಲ ಓಡಿ ಬಂದರು, ಆಮೇಲೆ ಸರಿಯಾಯಿತು ಎಂದಳು ರೇಖಾ. ನಾನು ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನನ್ನ ಕೋಳಿಬುಟ್ಟಿ ಗೆದ್ದಿತ್ತು.

ಎಷ್ಟು ದಿನ ಗೆದ್ದಿತು ಎಂದು ಈಗ ಹೇಳುತ್ತೇನೆ, ಇಲ್ಲಿ ನನ್ನ ಬೆರಳು ನಿಧಾನವಾಗುತ್ತದೆ. ಅಕ್ಕ ಸಾಯಲಿಲ್ಲ, ಏಳಲೂ ಇಲ್ಲ. ಮನೆಗೆ ಕಳಿಸುವ ಹಾಗಿಲ್ಲ, ಇಟ್ಟುಕೊಂಡು ಮಾಡುವಂಥದ್ದೂ ಏನಿಲ್ಲ ಎಂದು ಡಾಕ್ಟರರು ಪಾಪ ಮೆತ್ತಗೆ ಹೇಳಿದರು. ನವೆಂಬರು ಹೋಗಿ ಡಿಸೆಂಬರು ಬಂತು. ಅವಳ ಕೈಗೆ ಸೂಜಿ ಚುಚ್ಚಲು ಜಾಗ ಉಳಿಯಲಿಲ್ಲ. ಮಾತಾಡಿದರೆ ಏದುಸಿರು, ಮಲಗಿದರೆ ಏದುಸಿರು. ಎಲ್ಲಕ್ಕಿಂತ ಅವಳಿಗೆ ಕಷ್ಟವಾದದ್ದು ಬಲಗಾಲು. ಆ ಕಾಲಿನ ಮೇಲೆ ಎಂತದೋ ಭಾರ ಇಟ್ಟ ಹಾಗೆ ಆಗುತ್ತದೆ, ಎಳೆಯಲಿಕ್ಕೆ ಬರುವುದಿಲ್ಲ, ತೆಗೆಯಿರಿ ಎಂದು ಹಗಲೂ ರಾತ್ರಿ ಹೇಳುತ್ತಿದ್ದಳು. ನರ್ಸು ಹೊದಿಕೆ ತೆಗೆದು ತೋರಿಸುತ್ತಿದ್ದಳು, ಏನೂ ಇಲ್ಲ ಅಜ್ಜಿ ಎಂದು. ಡಾಕ್ಟರರು ಫೋಟೋ ತೆಗೆಸಿದರು, ಕಾಲು ಸರಿ ಇತ್ತು.

ನಾನು ನಡುನಡುವೆ ಮನೆಗೆ ಹೋಗಿ ಬುಟ್ಟಿ ನೋಡಿ ಬರುತ್ತಿದ್ದೆ. ಎತ್ತಿ ನೋಡುತ್ತಿರಲಿಲ್ಲ. ಗಾಳಿಗೆ ಹಾರದಿರಲಿ ಎಂದು ಮೇಲೆ ಒಂದು ಕಲ್ಲು ಹೇರಿದ್ದೆ. ಒಮ್ಮೆ ಅಕಾಲದಲ್ಲಿ ಮಳೆ ಬಂದಾಗ ಟಾರ್ಪಾಲು ಮುಚ್ಚಿ ಇನ್ನೊಂದು ಕಲ್ಲು ಹೇರಿದೆ. ಗುಲಾಬಿ ಅಂಗಳಕ್ಕೆ ಬಂದು ಕುತೂಹಲದಿಂದ ಬಗ್ಗಿ, ಹೇಂಟೆ ಕಾವಿಗೆ ಕೂತದ್ದಾ ಅಕ್ಕಾ, ಎಷ್ಟು ದಿನದಿಂದ, ಮರಿ ಬರಲಿಲ್ಲವಾ ಎಂದಳು. ಬರುತ್ತದೆ, ಮುಟ್ಟಿದರೆ ನಿನ್ನ ಕಣ್ಣು ಕುಕ್ಕುತ್ತದೆ ಎಂದೆ. ಅವಳು ನಿಜ ಎಂದೇ ತಿಳಿದು ದೂರ ಸರಿದಳು. ನಾನು ಬಾವಿಕಟ್ಟೆಗೆ ಹೋಗಿ ಕೂತೆ. ಕಾಲಿನ ಮೇಲೆ ಭಾರ ಎಂದು ಅಕ್ಕ ಹೇಳಿದಾಗಲೆಲ್ಲ ನನಗೆ ಆ ಕಲ್ಲುಗಳು ನೆನಪಾಗುತ್ತಿದ್ದವು. ನೆನಪಾದರೂ ನಾನು ಅವನ್ನು ತೆಗೆಯಲಿಲ್ಲ. ನೀವಾದರೆ ತೆಗೆಯುತ್ತಿದ್ದಿರಾ?

ಒಂದು ದಿನ ಮಧ್ಯಾಹ್ನ ಅವಳಿಗೆ ಸ್ವಲ್ಪ ಸಮಾಧಾನವಿತ್ತು. ರೇಖಾ ಕೆಳಗೆ ಊಟಕ್ಕೆ ಹೋಗಿದ್ದಳು. ನಾನು ಅಕ್ಕನ ಕಾಲು ಒತ್ತುತ್ತಾ ಕೂತಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ನಾನು ಏನಾದರೂ ಕದ್ದು ಬಾಯಲ್ಲಿಟ್ಟುಕೊಂಡರೆ ನೋಡುತ್ತಿದ್ದ ನೋಟ. ಎಲ್ಲ ಹೇಳಿಬಿಟ್ಟೆ. ಟೆಂಪೋ, ಬಾವಿಯ ಹಬೆ, ತೆಂಗಿನಮರ, ನೀರುಬೆಲ್ಲ, ಬುಟ್ಟಿ, ಕಲ್ಲು. ಅವಳು ನಂಬದಿರಲಿ ಎಂದೇ ಹೇಳಿದೆನೋ ಏನೋ. ನನ್ನ ಮಾತು ಒಮ್ಮೆಗೇ ನಂಬಿದವಳು ಅವಳೊಬ್ಬಳು. ಅವಳು ಒಂದು ಮಾತು ಹೇಳಿದಳು. ಅದನ್ನು ಬರೆಯಲು ಇನ್ನೂ ಧೈರ್ಯ ಬರಲಿಲ್ಲ, ಸ್ವಲ್ಪ ತಡೆಯಿರಿ.

ರೇಖಾ ಬಂದ ಮೇಲೆ ನಾನು ಬಸ್ಸು ಹತ್ತಿದೆ. ಮನೆ ತಲುಪುವಾಗ ಹೊತ್ತು ಮುಳುಗಲು ಹೊರಟಿತ್ತು. ಕಲ್ಲು ತೆಗೆದೆ. ಟಾರ್ಪಾಲು ತೆಗೆದೆ. ಬುಟ್ಟಿ ಎತ್ತಿದೆ. ಸುತ್ತಲಿನ ಅಂಗಳ ಒಣಗಿ ಬೆಳ್ಳಗಾಗಿತ್ತು, ಬುಟ್ಟಿಯ ಅಡಿಯಲ್ಲಿ ಮಾತ್ರ ಸೆಗಣಿ ಹಸಿಯಾಗಿತ್ತು, ಆಗಷ್ಟೇ ಬಳಿದ ವಾಸನೆ ಇತ್ತು. ಅದರ ನಡುವೆ ಅವಳ ಹೆಜ್ಜೆ. ಹಿಮ್ಮಡಿಯ ಬಿರುಕು ಸಹ ಕಾಣುತ್ತಿತ್ತು.

ಹಿಡಿಸೂಡಿ ತಂದಿದ್ದೆ, ಹಸಿ ಸೆಗಣಿಗೆ ಹಿಡಿಸೂಡಿ ನಡೆಯುವುದಿಲ್ಲ. ಕೈಯಲ್ಲೇ ಬಳಿಯಬೇಕು. ಮಂಡಿಯೂರಿ ಕೂತು ಹಿಮ್ಮಡಿಯಿಂದ ಶುರು ಮಾಡಿದೆ, ಅಕ್ಕ ಕಲಿಸಿದ ಹಾಗೆ, ಅಂಗೈ ಚಪ್ಪಟೆ ಇಟ್ಟು, ಒಂದೇ ಕಡೆಗೆ. ಪಾದ ಹೋಯಿತು. ಬೆರಳುಗಳು ಹೋದವು. ಹೆಬ್ಬೆರಳು ಬೇರೆಯಾಗಿ ನಿಂತಿತ್ತು, ಅದನ್ನು ಕೊನೆಗೆ ಬಿಟ್ಟೆ. ಬಹಳ ಹೊತ್ತು ಬಿಟ್ಟೆ. ಆಮೇಲೆ ಅದನ್ನೂ ಬಳಿದೆ.

ಒಳಗೆ ಫೋನು ಬಡಿದುಕೊಳ್ಳಲು ಶುರುವಾಯಿತು. ಕೈ ತೊಳೆಯದೆ ಎತ್ತಿದೆ. ರೇಖಾ ಅಳುತ್ತಾ ಹೇಳಿದಳು, ದೊಡ್ಡಮ್ಮ ಬಲಗಾಲು ಮಡಚಿ ಹತ್ತಿರ ಎಳೆದುಕೊಂಡರು, ಹಗುರ ಆಯಿತು ಎಂದರು, ಆ ಕಡೆ ತಿರುಗಿ ಮಲಗಿದರು, ಅಷ್ಟೇ ಎಂದು.

ಮರುದಿನ ಹೆಣ ಎತ್ತಿದ ಮೇಲೆ ಕ್ರಮದ ಪ್ರಕಾರ ಗುಲಾಬಿ ಅಂಗಳ ಗುಡಿಸಿದಳು. ಗುಡಿಸಲು ಅಲ್ಲಿ ಏನೂ ಇರಲಿಲ್ಲ.

ಆಮೇಲೆ ನಾನು ಊರಿಡೀ ಕೇಳಿದೆ. ಟೆಂಪೋ ನೋಡಿದವರಿಲ್ಲ. ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಸದ್ದು ಏನಾದರೂ ಕೇಳಿತಾ ಎಂದರೆ, ಇಲ್ಲವಪ್ಪ, ಅಂಥ ಒಳ್ಳೆಯ ನಿದ್ರೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ ಎಂದು ಗುಲಾಬಿ ಹೇಳಿದಳು. ಅವಳ ಗಂಡ ಮಲ್ಪೆಯ ಬೋಟಿಗೆ ಹೋಗುವವನು, ನಸುಕಿಗೇ ಏಳಬೇಕು, ಅವನೂ ಆ ದಿನ ಏಳಲಿಲ್ಲವಂತೆ. ಬೀದಿಯ ಎಲ್ಲ ಮನೆಯವರೂ ಅದನ್ನೇ ಹೇಳಿದರು. ತೆಂಗಿನಮರ ಹತ್ತುವವನಿಗೆ ಆ ಮರ ಪೂರ್ತಿ ತಡಕಿ ನೋಡಲು ಹೇಳಿದೆ, ಗೆರೆ ಸಹ ಇಲ್ಲ ಎಂದ. ಅದರ ಎಳನೀರು ಸ್ವಲ್ಪ ಬೆಚ್ಚಗಿರುತ್ತದೆ ಎಂದು ನನಗೆ ಅನ್ನಿಸುತ್ತಿತ್ತು. ಬಿಸಿಲಿಗೆ ಅಕ್ಕಾ ಎಂದಳು ಗುಲಾಬಿ. ಇದ್ದೀತು.

ದುಃಖದಲ್ಲಿ ನಿಮಗೆ ಹಾಗೆ ಕಂಡಿದೆ ಎಂದು ರೇಖಾ ಹೇಳುತ್ತಾಳೆ. ಬಿಸಿಲಲ್ಲಿ ನಡೆದು ಬಂದು ತಲೆ ತಿರುಗಿದ್ದು ಎಂದು ಅಳಿಯ ಹೇಳುತ್ತಾನೆ. ಅವರು ಹೇಳುವುದು ತಪ್ಪು ಎಂದು ನಾನು ವಾದ ಮಾಡುವುದಿಲ್ಲ. ಆ ಹಸಿ ಹೆಜ್ಜೆ ನನ್ನ ಕಣ್ಣಿಗೆ ಕಂಡದ್ದು, ಕೈಗೆ ಅಂಟಿದ್ದು, ಅಷ್ಟು ಮಾತ್ರ ನನಗೆ ಗೊತ್ತು. ಯಾರು ಯಾರ ಜೊತೆ ಹೊಡೆದಾಡಿದರು, ಒಬ್ಬ ಬೀಡಿ ಕಟ್ಟುವ ಹೆಂಗಸಿಗಾಗಿ ಯಾಕೆ ಅಷ್ಟು ಹೊಡೆದಾಡಿದರು, ಅಷ್ಟು ಹೊಡೆದಾಡಿದ ಮೇಲೆ ಯಾಕೆ ಮುಚ್ಚಿಡಬೇಕು, ಯಾವುದೂ ತಿಳಿಯಲಿಲ್ಲ. ಅವಳಿಗಾಗಿ ಯಾರೋ ನಿಂತಿದ್ದರು ಎಂಬುದೊಂದು ಸಮಾಧಾನ. ಸೋತವರೇ ಬಂದು ಅಂಗಳ ಸರಿ ಮಾಡಿ ಹೋದರು ಎಂಬುದು ಇವತ್ತಿಗೂ ಮರೆತುಹೋಗುವುದಿಲ್ಲ.

ಕೆಲವು ವರ್ಷ ಕಳೆದು ಒಮ್ಮೆ ಬೆಳಿಗ್ಗೆ ಮಣಿಪಾಲಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿ ಕೂತಿದ್ದೆ. ಒಂದು ಮನೆಯ ಎದುರು ಹೆಸರಿಲ್ಲದ ಟೆಂಪೋ ನಿಂತಿತ್ತು. ಸೀರೆಯ ಮೇಲೆ ಅಂಗಿ ಹಾಕಿದ ಹೆಂಗಸರು ಅಂಗಳ ಗುಡಿಸುತ್ತಿದ್ದರು. ಕಟ್ಟಡದ ಕೆಲಸದವರೇ ಇರಬಹುದು. ಇಳಿದು ನೋಡಬೇಕು ಎನ್ನಿಸಲಿಲ್ಲ, ಮುಖ ತಿರುಗಿಸಿಕೊಂಡೆ. ಆ ಮನೆಯವರು ಯಾರೋ, ಅವರ ಕಡೆಯವರು ಯಾರು ಯಾವ ಆಸ್ಪತ್ರೆಯಲ್ಲಿದ್ದರೋ. ಅಂದಿನಿಂದ ತೀರ ಚೊಕ್ಕವಾದ ಅಂಗಳ ಕಂಡರೆ ನನಗೆ ಆ ಮನೆಯವರ ಬಗ್ಗೆ ಪಾಪ ಎನ್ನಿಸುತ್ತದೆ. ಅದಕ್ಕೇ ಮೊದಲಿಗೆ ನಿಮ್ಮನ್ನು ಕೇಳಿದ್ದು.

ಕಾಪುವಿನ ಮನೆಯ ಅಂಗಳಕ್ಕೆ ಈಗ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದಾರೆ. ಚಂದ ಉಂಟು. ಯಾರು ನಡೆದರೂ ಕಾಲು ಮೂಡುವುದಿಲ್ಲ.

ಇನ್ನು ತಡೆಯಲಿಕ್ಕಿಲ್ಲ, ಅಕ್ಕನ ಮಾತು ಹೇಳಿಬಿಡುತ್ತೇನೆ. ಆ ಮಧ್ಯಾಹ್ನ ನಾನು ಎಲ್ಲ ಹೇಳಿ ಮುಗಿಸಿ, ಬುಟ್ಟಿ ತೆಗೆಯುವುದಿಲ್ಲ ಅಕ್ಕ, ಏನೇ ಆದರೂ ತೆಗೆಯುವುದಿಲ್ಲ ಎಂದು ಅವಳ ಕಾಲು ಹಿಡಿದುಕೊಂಡು ತಲೆ ಬಗ್ಗಿಸಿದ್ದೆ. ಅವಳಿಗೆ ನಗು ಬಂತು, ನಗಲು ಉಸಿರು ಸಾಲಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, ನಿಲ್ಲಿಸಿ ನಿಲ್ಲಿಸಿ ಹೇಳಿದಳು:

“ಹಾಗಾದರೆ ಇಷ್ಟು ದಿನ ನನ್ನ ಕಾಲ ಮೇಲೆ ಕೂತದ್ದು ನೀನೇ ಅನ್ನು. ಪ್ರಾಯ ಐವತ್ತಾಯಿತು, ಇನ್ನಾದರೂ ಇಳಿ ಮಾರಾಯ್ತಿ.”